ಭೂಮಿ ಬಿಸಿಯಾಗ್ತಿದೆ ಅನ್ನೋ ಜಗಳ: ಪದೇ ಪದೇ ಕೇಳುವ ಪ್ರಶ್ನೆಗಳು

ಇವು ನಾನು ಕೂತು ಕಟ್ಟಿದ ಪ್ರಶ್ನೆಗಳಲ್ಲ. ಮಾತಿನ ನಡುವೆ, ಕಾಗದಗಳಲ್ಲಿ, ಚರ್ಚೆ ಕಾವೇರಿದಾಗ ಜನ ಕೇಳಿದ್ದು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಕೆಲವು ಪ್ರಶ್ನೆಗಳಲ್ಲಿ ಸಿಟ್ಟಿದೆ, ಇರಲಿ.

ಶುರು ಮಾಡುವ ಮುಂಚೆ ಒಂದು ಮಾತು. ಇದು ನೋಡಲು ಒಂದೇ ಜಗಳ, ಒಳಗೆ ಎರಡಿವೆ. ಭೂಮಿ ಬಿಸಿಯಾಗುತ್ತಿದೆಯಾ, ಅದಕ್ಕೆ ಮನುಷ್ಯರು ಕಾರಣವಾ ಅನ್ನೋದು ಒಂದು. ಹಾಗಿದ್ದರೆ ಏನು ಮಾಡಬೇಕು, ಯಾರು ಮಾಡಬೇಕು, ಖರ್ಚು ಯಾರದ್ದು ಅನ್ನೋದು ಇನ್ನೊಂದು. ಮೊದಲನೆಯದು ಅಳತೆಯ ವಿಷಯ, ಅದಕ್ಕೆ ಉತ್ತರ ಸಿಕ್ಕಿ ಬಹಳ ದಿನವಾಯಿತು. ಎರಡನೆಯದು ದುಡ್ಡಿನ, ನ್ಯಾಯದ ವಿಷಯ. ಅಲ್ಲಿ ಒಳ್ಳೆಯ ಜನರೂ ಒಳ್ಳೆಯ ಕಾರಣಕ್ಕೇ ಕಿತ್ತಾಡುತ್ತಾರೆ. ಎರಡನೆಯದರಲ್ಲಿ ಸೋಲುತ್ತೇವೆ ಅನ್ನೋ ಭಯಕ್ಕೆ ಮೊದಲನೆಯದನ್ನೇ ಸುಳ್ಳು ಅನ್ನುವವರು ಒಂದು ಕಡೆ, ಮೊದಲನೆಯದರಲ್ಲಿ ಗೆದ್ದಿದ್ದೇವಲ್ಲ ಅಂತ ಎರಡನೆಯದರಲ್ಲಿ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದವರು ಇನ್ನೊಂದು ಕಡೆ. ನನಗೆ ಇಬ್ಬರ ಮೇಲೂ ತಕರಾರಿದೆ.

## ಮೊದಲ ಪಾಠ

ಹವಾಮಾನ ಕಾಲಕಾಲಕ್ಕೂ ಬದಲಾಗುತ್ತಲೇ ಇದೆಯಲ್ಲ. ಈಗೇನು ಹೊಸದು?

ಬದಲಾಗಿದೆ, ಹೌದು. ಅದನ್ನು ಪತ್ತೆ ಮಾಡಿ ನಮಗೆ ಹೇಳಿದ್ದೂ ಇದೇ ಹವಾಮಾನ ವಿಜ್ಞಾನಿಗಳೇ. ಹೊಸದು ಏನೆಂದರೆ ವೇಗ. ಕಳೆದ ಹಿಮಯುಗ ಮುಗಿದು ಭೂಮಿಯ ಸರಾಸರಿ ಉಷ್ಣತೆ ಸುಮಾರು 5 ಡಿಗ್ರಿ ಏರಲು ಹೆಚ್ಚು ಕಡಿಮೆ 10,000 ವರ್ಷ ಬೇಕಾಯಿತು. ಈಗ 19ನೇ ಶತಮಾನದ ಕೊನೆಯಿಂದ ಈಚೆಗೆ 1 ಡಿಗ್ರಿಗಿಂತ ಜಾಸ್ತಿ ಏರಿದೆ, ಅದರಲ್ಲೂ ಬಹುಪಾಲು 1975ರಿಂದ ಈಚೆಗೆ. 5 ಡಿಗ್ರಿ ಅಂದರೆ ಅಷ್ಟೇನಾ ಅನಿಸಬಹುದು. ಆ 5 ಡಿಗ್ರಿ ಕಡಿಮೆ ಇದ್ದಾಗ ಉತ್ತರ ಅಮೆರಿಕದ ದೊಡ್ಡ ಭಾಗ ಕಿಲೋಮೀಟರುಗಟ್ಟಲೆ ದಪ್ಪದ ಹಿಮದ ಅಡಿಯಲ್ಲಿತ್ತು. ಸರಾಸರಿಯಲ್ಲಿ ಒಂದು ಡಿಗ್ರಿ ಅನ್ನೋದು ಬೆಳಗ್ಗೆಗೂ ಮಧ್ಯಾಹ್ನಕ್ಕೂ ಇರುವ ವ್ಯತ್ಯಾಸದ ಥರದ್ದಲ್ಲ.

ಈ ಸಲ ಚಳಿ ಎಷ್ಟಿತ್ತು ಗೊತ್ತಾ? ಬಿಸಿ ಬಿಸಿ ಅಂತೀರಲ್ಲ!

ಒಂದು ಊರಿನ ಒಂದು ವಾರದ ಚಳಿಯಿಂದ ಏನೂ ಗೊತ್ತಾಗಲ್ಲ. ಒಂದು ವಾರದ ಸೆಖೆಯಿಂದಲೂ ಗೊತ್ತಾಗಲ್ಲ, ಇದನ್ನು ನಮ್ಮ ಕಡೆಯವರೂ ಮರೆಯುತ್ತಾರೆ. ನೋಡಬೇಕಾದ್ದು ಲೆಕ್ಕವನ್ನು. ಅಮೆರಿಕದಲ್ಲಿ 2000ದ ದಶಕದಲ್ಲಿ ಹೊಸ ಬಿಸಿಯ ದಾಖಲೆಗಳು ಹೊಸ ಚಳಿಯ ದಾಖಲೆಗಳಿಗಿಂತ ಸುಮಾರು ಎರಡು ಪಟ್ಟು ಇದ್ದವು. ಏರಿಕೆ ಇಲ್ಲದಿದ್ದರೆ ಎರಡೂ ಸರಿಸಮ ಇರಬೇಕಿತ್ತು. ಇಡೀ ಭೂಮಿಯ ಲೆಕ್ಕದಲ್ಲಿ 2024 ಅಳತೆ ಶುರುವಾದಾಗಿನಿಂದ ಅತಿ ಬಿಸಿಯ ವರ್ಷ, 1850ರಿಂದ 1900ರ ಸರಾಸರಿಗಿಂತ ಸುಮಾರು 1.55 ಡಿಗ್ರಿ ಮೇಲೆ.

ಗಾಳಿಯ ಹತ್ತು ಸಾವಿರ ಪಾಲಿನಲ್ಲಿ ನಾಲ್ಕು ಪಾಲು ಇರೋ ಅನಿಲ ಇಡೀ ಭೂಮಿಯನ್ನು ಬಿಸಿ ಮಾಡುತ್ತಾ? ನಂಬೋ ಹಾಗಿದೆಯಾ?

ನನಗೂ ಮೊದಲ ಸಲ ಕೇಳಿದಾಗ ಹೀಗೇ ಅನಿಸಿತ್ತು. ಆದರೆ ಗಾಳಿಯ ನೂರರಲ್ಲಿ 99 ಭಾಗ ಇರುವ ಸಾರಜನಕ ಮತ್ತು ಆಮ್ಲಜನಕ ಭೂಮಿಯಿಂದ ಹೊರಡುವ ಶಾಖವನ್ನು ತಡೆಯೋದೇ ಇಲ್ಲ, ಸಲೀಸಾಗಿ ಬಿಟ್ಟುಬಿಡುತ್ತವೆ. ತಡೆಯುವ ಕೆಲಸವೆಲ್ಲ ಚೂರು ಪಾರು ಇರುವ ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್‌ನಂಥವುಗಳದ್ದು. ಈ ಚೂರು ಪಾರು ಇಲ್ಲದೇ ಹೋಗಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸುಮಾರು ಮೈನಸ್ 18 ಡಿಗ್ರಿ ಇರುತ್ತಿತ್ತು.

ಇದು ನಿನ್ನೆ ಮೊನ್ನೆ ಹುಟ್ಟಿದ ಮಾತೂ ಅಲ್ಲ. ವಾತಾವರಣ ಶಾಖವನ್ನು ಹಿಡಿದಿಡುತ್ತದೆ ಅಂತ ಫ್ರಾನ್ಸಿನ ಜೋಸೆಫ್ ಫೋರಿಯೇ 1824ರಲ್ಲೇ ಬರೆದ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟರು. ಇಂಗಾಲದ ಡೈಆಕ್ಸೈಡ್ ತುಂಬಿದ್ದು ಉಳಿದವಕ್ಕಿಂತ ಜಾಸ್ತಿ ಕಾಯಿತು, ಆರಲು ಜಾಸ್ತಿ ಹೊತ್ತು ತೆಗೆದುಕೊಂಡಿತು. ಆ ಸಂಶೋಧನೆಯನ್ನು ಸಭೆಯಲ್ಲಿ ಓದಿದ್ದು ಮಾತ್ರ ಒಬ್ಬ ಗಂಡಸು, ಆ ಕಾಲವೇ ಹಾಗೆ. ಮೂರು ವರ್ಷದ ನಂತರ ಜಾನ್ ಟಿಂಡಾಲ್ ಸರಿಯಾದ ಉಪಕರಣ ಕಟ್ಟಿ ಅಳೆದ. 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ಕಂಪ್ಯೂಟರ್ ಇಲ್ಲದೆ, ಕೈಯಲ್ಲೇ ಲೆಕ್ಕ ಹಾಕಿ, ಈ ಅನಿಲ ಎರಡು ಪಟ್ಟಾದರೆ ಭೂಮಿ 5ರಿಂದ 6 ಡಿಗ್ರಿ ಬಿಸಿಯಾಗುತ್ತದೆ ಅಂದ. ಅದು ಸ್ವಲ್ಪ ಜಾಸ್ತಿಯಾಯಿತು, ಈಗಿನ ಅಂದಾಜು 3ರ ಸುತ್ತಮುತ್ತ. ಆದರೂ ಕಾಗದ ಪೆನ್ನಿನ ಲೆಕ್ಕಕ್ಕೆ ಅದೇನು ಕಡಿಮೆಯಲ್ಲ, ಅಲ್ವಾ?

ಆ ಇಂಗಾಲ ನಮ್ಮದೇ ಅಂತ ಹೇಗೆ ಹೇಳ್ತೀರಿ? ಜ್ವಾಲಾಮುಖಿ ಇದೆ, ಸಮುದ್ರ ಇದೆ.

ಲೆಕ್ಕದ ಪುಸ್ತಕ ತೆರೆದರೆ ಸಾಕು. ಕಲ್ಲಿದ್ದಲು, ತೈಲ, ಅನಿಲ ಸುಟ್ಟು ನಾವು ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಡೈಆಕ್ಸೈಡ್ ಬಿಡುತ್ತೇವೆ. ಗಾಳಿಯಲ್ಲಿ ವರ್ಷವರ್ಷ ಜಾಸ್ತಿಯಾಗುತ್ತಿರುವುದು ನಾವು ಬಿಟ್ಟಿದ್ದರ ಅರ್ಧದಷ್ಟು. ಅಂದರೆ ಸಮುದ್ರ ಮತ್ತು ಕಾಡುಗಳು ನಮಗೆ ಕೊಡುತ್ತಿಲ್ಲ, ನಮ್ಮದನ್ನೇ ಒಂದಿಷ್ಟು ನುಂಗಿಕೊಳ್ಳುತ್ತಿವೆ. ಜ್ವಾಲಾಮುಖಿಗಳೆಲ್ಲ ಸೇರಿ ಬಿಡೋದು ನಮ್ಮ ಶೇಕಡಾ 1ಕ್ಕಿಂತ ಕಡಿಮೆ.

ಗುರುತೂ ಇದೆ. ಇಂಗಾಲ-14 ಅನ್ನೋ ವಿಕಿರಣಶೀಲ ಇಂಗಾಲ 5,730 ವರ್ಷಕ್ಕೆ ಅರ್ಧವಾಗುತ್ತದೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲಿನಲ್ಲಿ ಅದು ಉಳಿದಿರೋದೇ ಇಲ್ಲ. ಹೀಗಾಗಿ ಹಳೆಯ ಇಂಗಾಲ ಗಾಳಿಗೆ ಸೇರಿದಷ್ಟೂ ಗಾಳಿಯಲ್ಲಿ ಅದರ ಪಾಲು ತೆಳುವಾಗುತ್ತದೆ, ಹಾಗೇ ಆಗಿದೆ ಕೂಡ. ಇನ್ನೊಂದು ಚಂದದ ಸಾಕ್ಷಿ: ಸುಡಲು ಆಮ್ಲಜನಕ ಬೇಕು. ಸುಟ್ಟ ಲೆಕ್ಕಕ್ಕೆ ತಕ್ಕಂತೆ ಗಾಳಿಯ ಆಮ್ಲಜನಕ ತೀರಾ ಸಣ್ಣ ಪ್ರಮಾಣದಲ್ಲಿ ಇಳಿಯುತ್ತಿದೆ. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಡೈಆಕ್ಸೈಡ್ ಅಳೆಯಲು ಶುರು ಮಾಡಿದಾಗ ಹತ್ತು ಲಕ್ಷಕ್ಕೆ 315 ಪಾಲು ಇತ್ತು, ಈಗ 420 ದಾಟಿದೆ. ಕೈಗಾರಿಕೆ ಬರುವ ಮುಂಚೆ 280. ಆಮ್ಲಜನಕದ ಇಳಿತ ಅಳೆದು ತೋರಿಸಿದ್ದು ಅವರ ಮಗ ರಾಲ್ಫ್ ಕೀಲಿಂಗ್. ಅಪ್ಪ ಏರೋದನ್ನು ಅಳೆದರು, ಮಗ ಇಳಿಯೋದನ್ನು.

ಸೂರ್ಯನೇ ಜಾಸ್ತಿ ಉರೀತಿರಬಹುದಲ್ಲ?

ಒಳ್ಳೆಯ ಪ್ರಶ್ನೆ, ಪರೀಕ್ಷೆ ಮಾಡಬಹುದಾದ ಪ್ರಶ್ನೆ. 1978ರಿಂದ ಉಪಗ್ರಹಗಳು ಸೂರ್ಯನ ಶಾಖವನ್ನು ನೇರವಾಗಿ ಅಳೆಯುತ್ತಿವೆ. 11 ವರ್ಷಕ್ಕೊಮ್ಮೆ ಶೇಕಡಾ 0.1ರಷ್ಟು ಏರಿಳಿತ ಇದೆ, ಅದು ಬಿಟ್ಟರೆ ಏರುಮುಖ ಇಲ್ಲ. ಇನ್ನೂ ಗಟ್ಟಿ ಸಾಕ್ಷಿ ಮೇಲಿದೆ. ಸೂರ್ಯ ಕಾರಣವಾಗಿದ್ದರೆ ವಾತಾವರಣ ಮೇಲಿಂದ ಕೆಳಗಿನವರೆಗೆ ಕಾಯಬೇಕಿತ್ತು. ಆದರೆ ಕೆಳಗಿನ ಪದರ ಕಾಯುತ್ತಿದೆ, ಮೇಲಿನ ಸ್ಟ್ರಾಟೋಸ್ಫಿಯರ್ ತಣ್ಣಗಾಗುತ್ತಿದೆ. ಡೈಆಕ್ಸೈಡ್ ಜಾಸ್ತಿಯಾದರೆ ಹೀಗೇ ಆಗುತ್ತದೆ ಅಂತ ಸ್ಯುಕುರೊ ಮನಾಬೆ ತಮ್ಮ ಜೊತೆಗಾರರೊಂದಿಗೆ 1967ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. 2021ರಲ್ಲಿ ಅವರಿಗೆ ನೊಬೆಲ್ ಬಂತು.

## ಅನುಮಾನದ ಪ್ರಶ್ನೆಗಳು

ಇದೇ ಜನ 1970ರಲ್ಲಿ ಹಿಮಯುಗ ಬರುತ್ತೆ ಅಂತ ಹೆದರಿಸಿರಲಿಲ್ವಾ?

ಕೆಲವರು ಹೇಳಿದ್ದು ನಿಜ. ಹೊಗೆಯ ಕಣಗಳು ಬಿಸಿಲನ್ನು ತಡೆದು ಭೂಮಿಯನ್ನು ತಣ್ಣಗೆ ಮಾಡಬಹುದು ಅನ್ನೋದು ಆಗಿನ ಒಂದು ಗಂಭೀರ ವಾದ. ಕಣಗಳು ತಂಪು ಮಾಡುತ್ತವೆ ಅನ್ನೋದು ಈಗಲೂ ಸರಿಯೇ. ಆದರೆ 1965ರಿಂದ 1979ರವರೆಗಿನ ಸಂಶೋಧನಾ ಲೇಖನಗಳನ್ನು ಎಣಿಸಿ ನೋಡಿದವರಿದ್ದಾರೆ: ತಂಪಾಗುತ್ತದೆ ಅಂದವು 7, ಬಿಸಿಯಾಗುತ್ತದೆ ಅಂದವು 44. ಪತ್ರಿಕೆಗಳು ಮಾತ್ರ ಎತ್ತು ಈಯಿತು ಅಂದ ತಕ್ಷಣ ಕೊಟ್ಟಿಗೆಗೆ ಕಟ್ಟಿದವು. ಜನರ ನೆನಪಲ್ಲಿ ಉಳಿದದ್ದು ಪತ್ರಿಕೆಯ ಮುಖಪುಟ.

97 ಪರ್ಸೆಂಟ್ ವಿಜ್ಞಾನಿಗಳು ಒಪ್ಪಿದ್ದಾರೆ ಅನ್ನೋದು ಬರೀ ಬುರುಡೆಯಂತೆ?

ಬುರುಡೆಯಲ್ಲ, ಆದರೆ ಅದನ್ನು ಬಳಸುವ ರೀತಿ ನನಗೂ ಇಷ್ಟವಿಲ್ಲ. 2013ರ ಅಧ್ಯಯನವೊಂದು ಸುಮಾರು 12,000 ಸಂಶೋಧನಾ ಲೇಖನಗಳ ಸಾರಾಂಶ ಓದಿತು. ಮೂರನೇ ಎರಡರಷ್ಟು ಲೇಖನಗಳು ಕಾರಣದ ಬಗ್ಗೆ ಏನೂ ಹೇಳಿರಲಿಲ್ಲ. ಹೇಳಿದವುಗಳಲ್ಲಿ ಶೇಕಡಾ 97 ಮನುಷ್ಯರೇ ಕಾರಣ ಅಂದಿದ್ದವು. ಟೀಕಾಕಾರರು ಹಿಡಿದಿದ್ದು ಆ ಮೌನದ ಮೂರನೇ ಎರಡನ್ನು. ಅದೊಂದು ವಿಚಿತ್ರ ತಕರಾರು, ಗ್ರಹಣದ ಬಗ್ಗೆ ಬರೆಯುವವರೂ ಭೂಮಿ ದುಂಡಗಿದೆ ಅಂತ ಪ್ರತಿ ಸಲ ಹೇಳುತ್ತಾ ಕೂರಲ್ಲ.

ಆದರೂ ವಾದದಲ್ಲಿ ನಾನು ಆ ಸಂಖ್ಯೆ ಎತ್ತೋದಿಲ್ಲ. ಶಂಖದಿಂದ ಬಂದರೇ ತೀರ್ಥ ಅನ್ನೋ ಹಾಗೆ ಕೇಳಿಸುತ್ತದೆ, ಅನುಮಾನ ಇರುವವರಿಗೆ ಅನುಮಾನ ಇನ್ನೂ ಜಾಸ್ತಿಯಾಗುತ್ತದೆ. ಅದಕ್ಕಿಂತ ಇದು ಹೇಳುವುದು ಒಳ್ಳೆಯದು: ವಿರೋಧಿಗಳಲ್ಲಿ ತುಂಬಾ ಓದಿಕೊಂಡವರಾದ ಹವಾಮಾನ ವಿಜ್ಞಾನಿ ರಿಚರ್ಡ್ ಲಿಂಡ್ಜನ್ ಕೂಡ ಡೈಆಕ್ಸೈಡ್ ಬಿಸಿ ಮಾಡುತ್ತದೆ ಅನ್ನೋದನ್ನು ಅಲ್ಲಗಳೆದವರಲ್ಲ. ಮಾಡುವುದು ಸ್ವಲ್ಪ, ಹೆದರಬೇಕಾಗಿಲ್ಲ ಅಂತ ಅವರ ವಾದ. ಅಂದರೆ ಬಲ್ಲವರ ನಡುವಿನ ಜಗಳ ಇದ್ದದ್ದು "ಎಷ್ಟು" ಅನ್ನೋದರ ಮೇಲೆ.

ಅವರ ಇಮೇಲ್‌ಗಳು ಸಿಕ್ಕಿಬಿದ್ದವಲ್ಲ, ಅದರಲ್ಲೇ ಮೋಸ ಬಯಲಾಯ್ತಲ್ಲ?

2009ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಿಂದ ಸಾವಿರಾರು ಇಮೇಲ್‌ಗಳನ್ನು ಯಾರೋ ಕದ್ದು ಹೊರಗೆ ಹಾಕಿದರು. ಅದರಲ್ಲಿ "ಇಳಿತವನ್ನು ಮರೆಮಾಡಲು" ಅನ್ನೋ ಸಾಲು ಜಗತ್ತನ್ನೇ ಸುತ್ತಿತು. ಎಲ್ಲರೂ ಉಷ್ಣತೆಯ ಇಳಿತ ಅಂದುಕೊಂಡರು. ಅದು ಮರಗಳ ವಿಷಯ. ಹಳೆಯ ಕಾಲದ ಉಷ್ಣತೆಯನ್ನು ಮರದ ಉಂಗುರಗಳಿಂದ ಅಂದಾಜು ಮಾಡುತ್ತಾರೆ. ಕೆಲವು ಉತ್ತರದ ಮರಗಳ ಉಂಗುರಗಳು 1960ರ ನಂತರ ಥರ್ಮಾಮೀಟರ್ ಜೊತೆ ಹೊಂದದೆ ಇಳಿದವು. ಥರ್ಮಾಮೀಟರ್ ಏರುತ್ತಲೇ ಇತ್ತು. ಈ ತೊಂದರೆಯನ್ನು ಅವರೇ ಲೇಖನಗಳಲ್ಲಿ ಬರೆದಿದ್ದರು. ಆದರೆ 1999ರ ಒಂದು ವರದಿಯ ಮುಖಪುಟದ ಚಿತ್ರದಲ್ಲಿ ಆ ಭಾಗ ಕತ್ತರಿಸಿ, ಥರ್ಮಾಮೀಟರಿನ ಗೆರೆ ಅಂಟಿಸಿ, ಹಾಗೆ ಮಾಡಿದ್ದೇವೆ ಅಂತ ಹೇಳದೇ ಬಿಟ್ಟರು.

ಹಲವು ತನಿಖೆಗಳು ನಡೆದವು. ಅಂಕಿಅಂಶ ಸುಳ್ಳು ಸೃಷ್ಟಿಸಿದ್ದು ಎಲ್ಲೂ ಸಿಗಲಿಲ್ಲ. ಆ ಮುಖಪುಟದ ಚಿತ್ರ ತಪ್ಪು ದಾರಿಗೆ ಎಳೆಯುವಂಥದ್ದು, ಮಾಹಿತಿ ಕೇಳಿದವರಿಗೆ ಕೊಡದೆ ಸತಾಯಿಸಿದ್ದು ಸರಿಯಲ್ಲ ಅಂತ ಅವರಿಗೆ ಬೈಗುಳವೂ ಬಿತ್ತು. ಸರಿಯಾಗೇ ಬಿತ್ತು ಅಂತ ನನ್ನ ಅಭಿಪ್ರಾಯ. ಅದೇ ಹೊತ್ತಿಗೆ ಇನ್ನೊಂದು ಎಡವಟ್ಟು ಹೊರಬಂತು: ಹಿಮಾಲಯದ ಹಿಮನದಿಗಳು 2035ರೊಳಗೆ ಮಾಯವಾಗಬಹುದು ಅಂತ ಐಪಿಸಿಸಿಯ (ಹವಾಮಾನ ಬದಲಾವಣೆಯ ಸಂಶೋಧನೆಗಳನ್ನು ಒಟ್ಟುಹಾಕಿ ವರದಿ ಕೊಡುವ ವಿಶ್ವಸಂಸ್ಥೆಯ ಸಮಿತಿ) 2007ರ ವರದಿಯಲ್ಲಿತ್ತು. ಆಧಾರವೇ ಇಲ್ಲದ ಮಾತು. 2010ರ ಜನವರಿಯಲ್ಲಿ ತಪ್ಪೊಪ್ಪಿಕೊಂಡರು. ಹಿಮನದಿಗಳು ಕರಗುತ್ತಿರುವುದು ನಿಜ, ಆ ಇಸವಿ ಮಾತ್ರ ಬರೀ ಓಳು. ಇಂಥವನ್ನು ಮುಚ್ಚಿಡೋ ಬದಲು ನಾವೇ ಮೊದಲು ಹೇಳಿಬಿಡಬೇಕು.

ಹಳೆಯ ಅಳತೆಗಳನ್ನೇ ತಿದ್ದಿ ಏರಿಕೆ ತೋರಿಸಿದ್ದಾರಂತೆ?

ತಿದ್ದಿದ್ದಾರೆ, ಆದರೆ ನೀವು ಅಂದುಕೊಂಡ ಕಡೆಗಲ್ಲ. ಹಿಂದೆ ಹಡಗಿನವರು ಬಟ್ಟೆಯ ಬಕೆಟ್ಟಿನಲ್ಲಿ ಸಮುದ್ರದ ನೀರು ಎತ್ತಿ ಅಳೆಯುತ್ತಿದ್ದರು. ಮೇಲೆ ಬರುವಷ್ಟರಲ್ಲಿ ಆವಿಯಾಗಿ ನೀರು ಸ್ವಲ್ಪ ತಣ್ಣಗಾಗುತ್ತಿತ್ತು. ಆಮೇಲೆ ಎಂಜಿನ್ನಿಗೆ ಎಳೆದುಕೊಂಡ ನೀರನ್ನು ಅಳೆಯತೊಡಗಿದರು, ಅದು ಸ್ವಲ್ಪ ಬಿಸಿ. ಇದನ್ನು ಸರಿಪಡಿಸಿದಾಗ ಹಳೆಯ ಅಂಕಿಗಳು ಮೇಲೆ ಹೋದವು. ಹೀಗಾಗಿ ಇಡೀ ಭೂಮಿಯ ಒಟ್ಟು ಲೆಕ್ಕದಲ್ಲಿ ತಿದ್ದುಪಡಿಗಳಿಂದ ಏರಿಕೆ ಸ್ವಲ್ಪ ಕಡಿಮೆಯೇ ಆಗಿದೆ.

ಇಲ್ಲಿ ಎರಡು ಕಥೆ ಹೇಳಲೇಬೇಕು. ಅಮೆರಿಕದ ವಿಜ್ಞಾನಿಗಳಾದ ಜಾನ್ ಕ್ರಿಸ್ಟಿ ಮತ್ತು ರಾಯ್ ಸ್ಪೆನ್ಸರ್ ಉಪಗ್ರಹದ ಅಳತೆ ತೋರಿಸಿ ಗಾಳಿ ಅಷ್ಟೇನೂ ಬಿಸಿಯಾಗಿಲ್ಲ ಅಂತ 1990ರ ದಶಕದಲ್ಲಿ ವಾದಿಸಿದರು. ಉಪಗ್ರಹದ ಕಕ್ಷೆ ನಿಧಾನಕ್ಕೆ ಕೆಳಗಿಳಿಯುತ್ತಿದ್ದದ್ದು ಅವರ ಲೆಕ್ಕದಲ್ಲಿರಲಿಲ್ಲ ಅಂತ 1998ರಲ್ಲಿ ಬೇರೆಯವರು ತೋರಿಸಿದರು. 2005ರಲ್ಲಿ ಇನ್ನೊಂದು ತಪ್ಪು ಸಿಕ್ಕಿತು. ಸರಿಪಡಿಸಿದಾಗ ಅವರ ಲೆಕ್ಕದಲ್ಲೂ ಏರಿಕೆ ಕಂಡಿತು. ಎರಡನೆಯದು ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಅವರದ್ದು. ಈ ಅಳತೆಗಳ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಸುಮ್ನೆ ಬೈಯುತ್ತಾ ಕೂರದೆ ಬರ್ಕ್ಲಿಯಲ್ಲಿ ತಂಡ ಕಟ್ಟಿ ಎಲ್ಲವನ್ನೂ ಮೊದಲಿಂದ ಲೆಕ್ಕ ಹಾಕಿದರು. ಹಣ ಕೊಟ್ಟವರಲ್ಲಿ ತೈಲ ಉದ್ಯಮಿ ಚಾರ್ಲ್ಸ್ ಕೋಕ್ ಅವರ ಫೌಂಡೇಶನ್ನೂ ಇತ್ತು. ಬಂದ ಉತ್ತರ ಹಳೆಯದೇ. 2012ರಲ್ಲಿ ತಾವು ಮನಸ್ಸು ಬದಲಿಸಿದ್ದಾಗಿ ಮುಲ್ಲರ್ ಬಹಿರಂಗವಾಗಿ ಬರೆದರು. ಈ ಇಡೀ ಜಗಳದಲ್ಲಿ ನನಗೆ ತುಂಬಾ ಗೌರವ ಇರುವ ಮನುಷ್ಯ ಅವರು.

ಹಿಮದ ಪದರಗಳಲ್ಲಿ ಮೊದಲು ಬಿಸಿ ಏರಿ ಆಮೇಲೆ ಇಂಗಾಲ ಏರಿದೆ. ಅಂದಮೇಲೆ ಕಾರಣ ಯಾವುದು, ಪರಿಣಾಮ ಯಾವುದು?

ಹಿಮದ ಪದರಗಳಲ್ಲಿ ಸಿಕ್ಕಿಬಿದ್ದ ಗಾಳಿಯ ಗುಳ್ಳೆಗಳಿಂದ ಹಳೆಯ ಕಾಲದ ಲೆಕ್ಕ ಸಿಗುತ್ತದೆ. ಅದರ ಪ್ರಕಾರ ಎರಡೂ ಕಾರಣವೂ ಹೌದು, ಪರಿಣಾಮವೂ ಹೌದು. ಹಿಮಯುಗಗಳ ಕಾಲದಲ್ಲಿ ಭೂಮಿಯ ಕಕ್ಷೆ ಮತ್ತು ಓರೆ ನಿಧಾನವಾಗಿ ಬದಲಾಗಿ ಬಿಸಿ ಶುರುವಾಯಿತು, ಕಾದ ಸಮುದ್ರ ಡೈಆಕ್ಸೈಡ್ ಬಿಟ್ಟಿತು, ಅದು ಇನ್ನಷ್ಟು ಬಿಸಿ ಮಾಡಿತು. ಸಾಲದಿಂದ ಬಡ್ಡಿ, ಬಡ್ಡಿ ಕಟ್ಟೋಕೆ ಮತ್ತೆ ಸಾಲ ಇದ್ದ ಹಾಗೆ. ಈಗ ಶುರು ಮಾಡಿದ್ದು ಕಕ್ಷೆಯಲ್ಲ, ನಾವು. ಎಂಟು ಲಕ್ಷ ವರ್ಷದ ಹಿಮದ ದಾಖಲೆಯಲ್ಲಿ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 180ರಿಂದ 300ರ ನಡುವೆಯೇ ಓಡಾಡಿತ್ತು.

ಹಾಗಾದ್ರೆ ವಿರೋಧಿಸೋರೆಲ್ಲ ತೈಲ ಕಂಪನಿಯ ದುಡ್ಡು ತಿಂದವರಾ?

ಇಲ್ಲ. ದುಡ್ಡಿನ ಕಥೆ ನಿಜ. ಎಕ್ಸಾನ್ ಕಂಪನಿಯ ಸ್ವಂತ ವಿಜ್ಞಾನಿಗಳು 1970-80ರ ದಶಕಗಳಲ್ಲಿ ಮಾಡಿದ ಅಂದಾಜುಗಳು ಆಮೇಲೆ ನಡೆದದ್ದಕ್ಕೆ ಚೆನ್ನಾಗಿ ಹೊಂದುತ್ತವೆ ಅಂತ 2023ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅದೇ ಕಂಪನಿ ಹೊರಗೆ ಜನರಿಗೆ ಅನುಮಾನ ಮಾರುತ್ತಿತ್ತು. ತೈಲ, ಕಲ್ಲಿದ್ದಲು, ಕಾರು ಉದ್ಯಮಗಳು ಸೇರಿ 1989ರಿಂದ 2002ರವರೆಗೆ ಇದಕ್ಕೆಂದೇ ಒಂದು ಒಕ್ಕೂಟ ನಡೆಸಿದವು. ಆದರೆ ನಿಮ್ಮ ಜೊತೆ ವಾದಕ್ಕಿಳಿಯುವ ಚಿಕ್ಕಪ್ಪನಿಗೋ ಸಹೋದ್ಯೋಗಿಗೋ ಯಾವ ಕಂಪನಿಯೂ ಕಾಸು ಕೊಟ್ಟಿಲ್ಲ. ಅವರಿಗಿರುವುದು ಕೆಲಸ ಹೋಗುವ ಭಯ, ಸರ್ಕಾರದ ಮೇಲೆ ಅಪನಂಬಿಕೆ, ಬುದ್ಧಿ ಹೇಳುವವರ ದರ್ಪದ ಮೇಲೆ ಸಿಟ್ಟು. ಅವರನ್ನು ಮಾರಿಕೊಂಡವರು ಅಂದರೆ ಮಾತು ಅಲ್ಲಿಗೇ ಮುಗಿಯಿತು.

## ಏನು ಮಾಡಬೇಕು ಅನ್ನೋ ಜಗಳ

ಇಂಗಾಲ ಜಾಸ್ತಿಯಾದ್ರೆ ಗಿಡಗಳಿಗೆ ಒಳ್ಳೆಯದಲ್ವಾ? ಚಳಿಯಿಂದ ಸಾಯೋರೂ ಕಡಿಮೆಯಾಗ್ತಾರೆ.

ಎರಡರಲ್ಲೂ ಸತ್ಯ ಇದೆ. ಉಪಗ್ರಹದ ಚಿತ್ರಗಳಲ್ಲಿ ಭೂಮಿ ಹಸಿರಾಗಿದೆ, ಅದರಲ್ಲಿ ಡೈಆಕ್ಸೈಡ್‌ನ ಪಾಲು ದೊಡ್ಡದು. ಈಗಿನ ಮಟ್ಟಿಗೆ ಜಗತ್ತಿನಲ್ಲಿ ಬಿಸಿಗಿಂತ ಚಳಿಯಿಂದ ಸಾಯುವವರೇ ಜಾಸ್ತಿ. ನೂರು ವರ್ಷದಲ್ಲಿ ಪ್ರಕೃತಿ ವಿಕೋಪದಿಂದ ಸಾಯುವವರೂ ಕಡಿಮೆಯಾಗಿದ್ದಾರೆ, ಮುನ್ಸೂಚನೆ ಮತ್ತು ಗಟ್ಟಿ ಮನೆಗಳ ಪುಣ್ಯ. ಇದನ್ನು ಹೇಳಲು ನಮ್ಮವರು ಹಿಂಜರಿಯುತ್ತಾರೆ, ಯಾಕೋ ಗೊತ್ತಿಲ್ಲ.

ಆದರೆ ಪೂರ್ತಿ ಲೆಕ್ಕ ಬೇಕು. ಡೈಆಕ್ಸೈಡ್ ಜಾಸ್ತಿಯಿದ್ದಾಗ ಅಕ್ಕಿ, ಗೋಧಿಯಂಥ ಬೆಳೆಗಳಲ್ಲಿ ಪ್ರೋಟೀನ್, ಸತು, ಕಬ್ಬಿಣ ಕಡಿಮೆಯಾಗುತ್ತವೆ. ಹೂ ಬಿಡುವ ಹೊತ್ತಿನಲ್ಲಿ ಬಿಸಿಯೇರಿದರೆ ಕಾಳು ಕಟ್ಟಲ್ಲ, ಎಷ್ಟು ಡೈಆಕ್ಸೈಡ್ ಇದ್ದರೂ ಅಷ್ಟೇ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7 ಜಾಸ್ತಿ ನೀರಾವಿ ಹಿಡಿಯಬಲ್ಲದು, ಸುರಿದಾಗ ಒಮ್ಮೆಲೇ ಸುರಿಯುತ್ತದೆ. ಸಮುದ್ರ 1900ರಿಂದ ಸುಮಾರು 20 ಸೆಂಟಿಮೀಟರ್ ಏರಿದೆ, ವೇಗ ಜಾಸ್ತಿಯಾಗುತ್ತಿದೆ. ಲಾಭ ಇರುವುದು ಹೆಚ್ಚಾಗಿ ಚಳಿಯ, ಶ್ರೀಮಂತ ದೇಶಗಳಿಗೆ. ನಷ್ಟ ಈಗಾಗಲೇ ಬೇಯುತ್ತಿರುವ ಬಡ ದೇಶಗಳಿಗೆ.

ಎಷ್ಟು ಬಿಸಿಯಾಗುತ್ತೆ ಅಂತ ನಿಮಗೇ ಗೊತ್ತಿಲ್ಲ. ಗ್ಯಾರಂಟಿ ಆಗೋವರೆಗೆ ಕಾಯೋಣ.

ಡೈಆಕ್ಸೈಡ್ ಎರಡು ಪಟ್ಟಾದರೆ 1.5ರಿಂದ 4.5 ಡಿಗ್ರಿ ಅಂತ 1979ರಲ್ಲಿ ಅಮೆರಿಕದ ಒಂದು ಸಮಿತಿ ಹೇಳಿತು. 2021ರ ಐಪಿಸಿಸಿ ವರದಿ 2.5ರಿಂದ 4 ಅಂದಿತು. ನಲವತ್ತು ವರ್ಷ ದುಡಿದು ಇಷ್ಟೇ ಕಿರಿದಾಗಿದ್ದು. ಬಿಸಿಯಾದಂತೆ ಮೋಡಗಳು ಹೇಗೆ ಬದಲಾಗುತ್ತವೆ ಅನ್ನೋದು ಸುಲಭಕ್ಕೆ ಲೆಕ್ಕಕ್ಕೆ ಸಿಗೋದಿಲ್ಲ.

ಗೊತ್ತಿಲ್ಲ ಅನ್ನೋದು ಎರಡೂ ಕಡೆಗೆ ಹರಿಯುವ ಮಾತು ಅನ್ನೋದನ್ನು ಮರೆಯಬೇಡಿ. ಅಂದುಕೊಂಡದ್ದಕ್ಕಿಂತ ಒಳ್ಳೆಯದಾಗಬಹುದು, ಕೆಟ್ಟದೂ ಆಗಬಹುದು. ಕಾಯ್ದು ನೋಡೋದು ಸರಿ ಅನಿಸಬೇಕಾದರೆ ತಪ್ಪಾದಾಗ ವಾಪಸ್ ಬರುವ ದಾರಿ ಇರಬೇಕು. ಇಲ್ಲಿ ಇಲ್ಲ. ಇವತ್ತು ಬಿಟ್ಟ ಡೈಆಕ್ಸೈಡ್‌ನ ಒಂದು ಪಾಲು ಸಾವಿರಾರು ವರ್ಷ ಗಾಳಿಯಲ್ಲೇ ಉಳಿಯುತ್ತದೆ.

ಮುಂದಿನ ತಲೆಮಾರು ನಮಗಿಂತ ಶ್ರೀಮಂತರಾಗಿರುತ್ತಾರೆ. ಅವರಿಗೋಸ್ಕರ ಇವತ್ತಿನ ಬಡವರು ಯಾಕೆ ಖರ್ಚು ಮಾಡಬೇಕು?

ನನ್ನ ಪ್ರಕಾರ ಇಡೀ ಜಗಳದಲ್ಲಿ ಅತಿ ಗಟ್ಟಿ ಪ್ರಶ್ನೆ ಇದು. ಇದಕ್ಕೆ ಥರ್ಮಾಮೀಟರಿನಿಂದ ಉತ್ತರ ಸಿಗಲ್ಲ.

ಇಬ್ಬರು ಅರ್ಥಶಾಸ್ತ್ರಜ್ಞರನ್ನು ನೋಡಿ. ಬ್ರಿಟನ್ನಿನ ನಿಕೋಲಸ್ ಸ್ಟರ್ನ್ 2006ರ ವರದಿಯಲ್ಲಿ ಈಗಲೇ ದೊಡ್ಡ ಮಟ್ಟದಲ್ಲಿ ಖರ್ಚು ಮಾಡಿ ಅಂದರು. ಅಮೆರಿಕದ ವಿಲಿಯಂ ನಾರ್ಡ್‌ಹಾಸ್ (2018ರಲ್ಲಿ ನೊಬೆಲ್ ಬಂತು) ನಿಧಾನಕ್ಕೆ ಶುರು ಮಾಡಿ ಆಮೇಲೆ ಬಿಗಿ ಮಾಡಿ ಅಂದರು. ವಿಜ್ಞಾನದ ಬಗ್ಗೆ ಇಬ್ಬರಿಗೂ ಭಿನ್ನಾಭಿಪ್ರಾಯ ಇಲ್ಲ. ಮುಖ್ಯ ವ್ಯತ್ಯಾಸ ಒಂದು ಬಡ್ಡಿ ದರದಂಥ ಸಂಖ್ಯೆಯಲ್ಲಿದೆ: ನಾಳಿನ ನಷ್ಟವನ್ನು ಇವತ್ತಿನ ಬೆಲೆಗೆ ಇಳಿಸುವ ದರ. ಸ್ಟರ್ನ್ ಇಟ್ಟದ್ದು ಸುಮಾರು ಶೇಕಡಾ 1.4. ಆ ದರದಲ್ಲಿ ನೂರು ವರ್ಷದ ನಂತರದ 100 ಕೋಟಿಯ ನಷ್ಟ ಇವತ್ತಿನ 25 ಕೋಟಿಗೆ ಸಮ. ನಾರ್ಡ್‌ಹಾಸ್ ಬಳಸಿದ್ದು ಅದಕ್ಕಿಂತ ಬಹಳ ಜಾಸ್ತಿ. ಶೇಕಡಾ 4.5 ಅಂತ ಇಟ್ಟುಕೊಂಡರೆ ಅದೇ 100 ಕೋಟಿ ಬರೀ 1.2 ಕೋಟಿಯಾಗುತ್ತದೆ. ಒಂದು ದರ ಬದಲಿಸಿದ್ದಕ್ಕೆ ಇನ್ನೂ ಹುಟ್ಟದ ಮಗುವಿನ ಬೆಲೆ ಇಪ್ಪತ್ತು ಪಟ್ಟು ಆಚೀಚೆ! ಯಾವ ದರ ಸರಿ ಅನ್ನೋದು ಮೊಮ್ಮಕ್ಕಳ ಕಷ್ಟ ನಮ್ಮ ಕಷ್ಟಕ್ಕೆ ಸಮವಾ ಅನ್ನೋ ಪ್ರಶ್ನೆ.

ನನ್ನ ಒಲವು ಎಲ್ಲಿ ಅಂದರೆ, ಮಾರ್ಟಿನ್ ವೈಟ್ಜ್‌ಮನ್ ಅನ್ನೋ ಅರ್ಥಶಾಸ್ತ್ರಜ್ಞ ಹೇಳಿದ ಕಡೆ. ಸರಾಸರಿ ನಷ್ಟ ಲೆಕ್ಕ ಹಾಕೋದು ಬಿಡಿ, ಮಹಾ ಅನಾಹುತ ಆಗುವ ಸಣ್ಣ ಸಾಧ್ಯತೆ ನೋಡಿ, ಅದೇ ಲೆಕ್ಕವನ್ನೆಲ್ಲ ನುಂಗಿಹಾಕುತ್ತದೆ ಅಂದರು ಅವರು. ಅನಾಹುತವಾದರೆ ಮುಂದಿನವರು ಶ್ರೀಮಂತರಾಗಿರುತ್ತಾರೆ ಅನ್ನೋ ನಂಬಿಕೆಗೇ ಆಧಾರ ಇರಲ್ಲ. ಇನ್ನೊಂದು ವಿಷಯ: ನಾರ್ಡ್‌ಹಾಸ್ ಹೆಸರು ಹೇಳಿ ಏನೂ ಮಾಡಬೇಡಿ ಅನ್ನುವವರಿಗೆ, ಅವರೂ ಇಂಗಾಲಕ್ಕೆ ತೆರಿಗೆ ಹಾಕಲೇಬೇಕು ಅಂದವರು. ಮತ್ತೆ ಖರ್ಚಿನ ಲೆಕ್ಕವೂ ಹಳೆಯದಾಗಿದೆ. 2010ರಿಂದ ಹತ್ತು ವರ್ಷದಲ್ಲಿ ಸೋಲಾರ್ ಪ್ಯಾನೆಲ್, ಲಿಥಿಯಂ ಬ್ಯಾಟರಿಗಳ ಬೆಲೆ ಹತ್ತಿರ ಹತ್ತಿರ ಶೇಕಡಾ 90 ಇಳಿದಿದೆ.

ಚೀನಾ ಅಷ್ಟೊಂದು ಹೊಗೆ ಬಿಡುವಾಗ ಉಳಿದ ದೇಶಗಳು ಮಾಡಿ ಏನು ಪ್ರಯೋಜನ?

ಚೀನಾ ಬಿಡುವುದು ಜಗತ್ತಿನ ಒಟ್ಟಿನಲ್ಲಿ ಸುಮಾರು ಶೇಕಡಾ 30, ಅಮೆರಿಕ ಸುಮಾರು 13, ಭಾರತ ಸುಮಾರು 8. ತಲೆಗೆ ಎಷ್ಟು ಅಂತ ನೋಡಿದರೆ ಸಾಲು ಬದಲಾಗುತ್ತದೆ: ಅಮೆರಿಕದವರು ಸುಮಾರು 14 ಟನ್, ಚೀನಾದವರು 8ರಿಂದ 9, ಭಾರತದವರು ಸುಮಾರು 2. ಇಲ್ಲಿಯವರೆಗೆ ಬಿಟ್ಟ ಒಟ್ಟು ಲೆಕ್ಕದಲ್ಲಿ ಅಮೆರಿಕ ಒಂದರದ್ದೇ ಸುಮಾರು ಕಾಲುಭಾಗ. ಯಾರು ತಪ್ಪಿತಸ್ಥರು ಅನ್ನೋದು ನೀವು ಯಾವ ಲೆಕ್ಕ ಹಿಡಿಯುತ್ತೀರಿ ಅನ್ನೋದರ ಮೇಲೆ. ಪ್ರತಿ ದೇಶವೂ ತನಗೆ ಹಿತವಾದ ಲೆಕ್ಕವನ್ನೇ ಹಿಡಿಯುತ್ತದೆ. 1992ರ ರಿಯೊ ಒಪ್ಪಂದದಿಂದ 2015ರ ಪ್ಯಾರಿಸ್ ಒಪ್ಪಂದದವರೆಗೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದದ್ದು ಇದೇ ಕಾರಣಕ್ಕೆ.

"ನಮ್ಮದು ಬರೀ ಶೇಕಡಾ 1" ಅನ್ನೋ ದೇಶಗಳಿಗೂ ಒಂದು ಮಾತು. ಶೇಕಡಾ 2ಕ್ಕಿಂತ ಕಡಿಮೆ ಬಿಡುವವರನ್ನೆಲ್ಲ ಕೂಡಿಸಿದರೆ ಒಟ್ಟಿನ ಮೂರನೇ ಒಂದು ಭಾಗದಷ್ಟಾಗುತ್ತದೆ. ಹಾಗಂತ ಇನ್ನೂ ಮನೆಗೆ ದೀಪ ಕಾಣದವರಿಗೆ ಕಡಿಮೆ ಮಾಡು ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ.

ಕೊನೆಗೆ ತೆರಿಗೆ ಹಾಕಿ ನಮ್ಮ ಜೇಬಿಗೆ ಕತ್ತರಿ ಹಾಕೋದೇ ಅಲ್ವಾ ಇದೆಲ್ಲ?

ಹಾಗೆ ಆದದ್ದೂ ಇದೆ. 2018ರಲ್ಲಿ ಫ್ರಾನ್ಸಿನಲ್ಲಿ ಇಂಧನ ತೆರಿಗೆ ಏರಿಸಲು ಹೊರಟಾಗ ಹಳದಿ ಅಂಗಿ ತೊಟ್ಟ ಪ್ರತಿಭಟನಾಕಾರರು ಬೀದಿಗಿಳಿದರು. ಬಸ್ಸು ರೈಲು ಇಲ್ಲದ ಕಡೆ ಇರುವವರಿಗೆ ಕಾರು ಬಿಟ್ಟರೆ ದಾರಿಯಿಲ್ಲ, ಅವರ ಸಿಟ್ಟು ನ್ಯಾಯವಾದದ್ದೇ. ಆಸ್ಟ್ರೇಲಿಯಾ 2012ರಲ್ಲಿ ತಂದ ಇಂಗಾಲದ ಬೆಲೆಯನ್ನು 2014ರಲ್ಲಿ ಕಿತ್ತು ಹಾಕಿತು. ಇನ್ನೊಂದು ಕಡೆ ಸ್ವೀಡನ್ನಿನಲ್ಲಿ 1991ರಿಂದ ಇಂಗಾಲದ ತೆರಿಗೆ ಇದೆ, ದೇಶವೇನೂ ಮುಳುಗಿಲ್ಲ. ಅಲ್ಲಿ ಜೊತೆಗೇ ಬೇರೆ ತೆರಿಗೆಗಳನ್ನು ಇಳಿಸಿದರು. ವಸೂಲಾದ ಹಣ ಎಲ್ಲಿ ಹೋಯಿತು ಅಂತ ಜನರಿಗೆ ಕಾಣದಿದ್ದರೆ ಯಾವ ತೆರಿಗೆಯೂ ನಿಲ್ಲಲ್ಲ.

ನಾನೊಬ್ಬ ಬದಲಾದ್ರೆ ಏನಾಗುತ್ತೆ? ಭಾಷಣ ಮಾಡೋರೇ ವಿಮಾನದಲ್ಲಿ ಹಾರಾಡ್ತಾರೆ.

ವಿಮಾನದ ಮಾತು ಚುಚ್ಚುತ್ತದೆ, ಚುಚ್ಚಲಿ. ಆದರೆ ಸಿಗರೇಟು ಸೇದುವ ಡಾಕ್ಟರು ಸಿಗರೇಟು ಕೆಟ್ಟದ್ದು ಅಂದರೆ ಅದು ಸುಳ್ಳಾಗಲ್ಲ. ಇನ್ನು ನೀವೊಬ್ಬರು ಬದಲಾದರೆ ಅಳತೆಗೆ ಸಿಗುವಷ್ಟು ಏನೂ ಆಗಲ್ಲ, ನಿಜ ಹೇಳಬೇಕು. ಅಂದ ಹಾಗೆ ಪ್ರತಿಯೊಬ್ಬರ "ಇಂಗಾಲದ ಹೆಜ್ಜೆಗುರುತು" ಅನ್ನೋ ಮಾತನ್ನು 2000ದ ದಶಕದಲ್ಲಿ ಜಾಹೀರಾತು ಮಾಡಿ ಮನೆಮಾತಾಗಿಸಿದ್ದು ಬಿಪಿ ಅನ್ನೋ ತೈಲ ಕಂಪನಿ. ಜಗತ್ತಿನ ಮೊದಲ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಲ್ಲೊಂದನ್ನು ಕಟ್ಟಿದ ಬ್ರಿಟನ್ 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯದನ್ನು ಮುಚ್ಚಿತು. ಅದು ಜನ ದೀಪ ಆರಿಸಿದ್ದರಿಂದ ಆದದ್ದಲ್ಲ, ಕಾನೂನಿನಿಂದ, ಇಂಗಾಲದ ಮೇಲೆ ಹಾಕಿದ ಬೆಲೆಯಿಂದ ಆದದ್ದು.

ತಡವಾಗಿಬಿಟ್ಟಿದೆಯಂತಲ್ಲ. 2030ಕ್ಕೆ ಎಲ್ಲಾ ಮುಗೀತು ಅಂತಾರೆ, ಇನ್ನು ಯಾಕೆ ಒದ್ದಾಡೋದು?

2030ರ ಆ ಮಾತು 2018ರ ಐಪಿಸಿಸಿ ವರದಿಯಿಂದ ಬಂದದ್ದು. ಏರಿಕೆಯನ್ನು (ಒಂದೇ ವರ್ಷದ್ದಲ್ಲ, ಹಲವು ವರ್ಷಗಳ ಸರಾಸರಿಯನ್ನು) 1.5 ಡಿಗ್ರಿಗೆ ನಿಲ್ಲಿಸಬೇಕಾದರೆ 2030ರೊಳಗೆ ಹೊರಸೂಸುವಿಕೆ 2010ಕ್ಕಿಂತ ಶೇಕಡಾ 45ರಷ್ಟು ಇಳಿಯಬೇಕು ಅಂತ ಅದರಲ್ಲಿತ್ತು. ಅದು ಬಾಯಿಂದ ಬಾಯಿಗೆ ಹೋಗಿ "ಹನ್ನೆರಡೇ ವರ್ಷದಲ್ಲಿ ಪ್ರಳಯ" ಆಯಿತು. 1.5 ಅನ್ನೋದು ಬಂಡೆಯ ಅಂಚಲ್ಲ. 1.6 ಅದಕ್ಕಿಂತ ಕೆಟ್ಟದ್ದು, 1.7 ಇನ್ನೂ ಕೆಟ್ಟದ್ದು, ಅಷ್ಟೇ. ಡೈಆಕ್ಸೈಡ್ ಬಿಡೋದು ಪೂರ್ತಿ ನಿಂತರೆ ಏರಿಕೆ ಕೂಡ ಹೆಚ್ಚು ಕಡಿಮೆ ಅಲ್ಲಿಗೇ ನಿಲ್ಲುತ್ತದೆ ಅನ್ನೋದು ಈಗಿನ ತಿಳುವಳಿಕೆ. ಇದು ಒಳ್ಳೆಯ ಸುದ್ದಿ, ಯಾಕೋ ಯಾರೂ ಹೇಳಲ್ಲ.

ಪರಮಾಣು ವಿದ್ಯುತ್ ಇದೆಯಲ್ಲ, ಹಸಿರಿನವರೇ ಯಾಕೆ ಬೇಡ ಅಂತಾರೆ?

ನನಗೂ ಅರ್ಥವಾಗದ ವಿಷಯ. ಜರ್ಮನಿ 2023ರ ಏಪ್ರಿಲ್‌ನಲ್ಲಿ ಕೊನೆಯ ಮೂರು ಪರಮಾಣು ಸ್ಥಾವರ ಮುಚ್ಚಿತು, ಆಗಲೂ ಅಲ್ಲಿ ಕಲ್ಲಿದ್ದಲು ಉರಿಯುತ್ತಿತ್ತು. ಹೊಸದು ಕಟ್ಟೋದು ದುಬಾರಿ, ತುಂಬಾ ನಿಧಾನ ಅನ್ನೋ ವಾದ ಒಪ್ಪುತ್ತೇನೆ. ಇರುವುದನ್ನು ಮುಚ್ಚೋದು ಬೇರೆ ಮಾತು.

ಇಷ್ಟೆಲ್ಲ ಅಂಕಿಅಂಶ ಹೇಳಿದರೂ ನಮ್ಮಪ್ಪ ಒಪ್ಪೋದೇ ಇಲ್ಲ. ಏನು ಮಾಡ್ಲಿ?

ಅಂಕಿಅಂಶ ಕಡಿಮೆ ಮಾಡಿ. ಅಮೆರಿಕದ ಸಂಶೋಧಕ ಡಾನ್ ಕಹಾನ್ ಮತ್ತು ಜೊತೆಗಾರರು 2012ರಲ್ಲಿ ತೋರಿಸಿದ ವಿಷಯ ನನ್ನ ತಲೆ ತಿನ್ನುತ್ತಲೇ ಇದೆ: ವಿಜ್ಞಾನ, ಲೆಕ್ಕ ಚೆನ್ನಾಗಿ ಗೊತ್ತಿರುವವರಲ್ಲಿ ಭಿನ್ನಾಭಿಪ್ರಾಯ ಕಡಿಮೆಯಾಗಿರಲಿಲ್ಲ, ಜಾಸ್ತಿಯಾಗಿತ್ತು. ಬುದ್ಧಿವಂತರು ತಮ್ಮ ಬಣದ ಪರವಾಗಿ ವಾದ ಹುಡುಕುವುದರಲ್ಲೂ ಬುದ್ಧಿವಂತರು. ಅಪ್ಪ ಜಗಳವಾಡುತ್ತಿರುವುದು ಮೊದಲನೇ ಪ್ರಶ್ನೆಯ ಮೇಲೋ ಎರಡನೆಯದರ ಮೇಲೋ ಅಂತ ಕೇಳಿ ನೋಡಿ. "ಬಿಸಿಯಾಗ್ತಿರಬಹುದು, ಆದ್ರೆ ಇವರ ಕೈಗೆ ದುಡ್ಡು ಕೊಡಲ್ಲ" ಅಂದರೆ ನೀವಿಬ್ಬರೂ ಅಂದುಕೊಂಡಷ್ಟು ದೂರ ಇಲ್ಲ.

ನಿಮ್ಮ ಮಾತೇ ತಪ್ಪು ಅಂತ ಯಾವುದರಿಂದ ಒಪ್ಪಿಕೊಳ್ತೀರಿ? ಏನಾದ್ರೂ ಇದೆಯಾ?

ಇದೆ. ಡೈಆಕ್ಸೈಡ್ ಏರುತ್ತಲೇ ಇದ್ದು, ದೊಡ್ಡ ಜ್ವಾಲಾಮುಖಿ ಯಾವುದೂ ಸಿಡಿಯದೆ, ಇಪ್ಪತ್ತು ಮೂವತ್ತು ವರ್ಷ ಸಮುದ್ರದ ಶಾಖ ಇಳಿಯುತ್ತಾ ಹೋದರೆ ನಾನು ಸೋತೆ. ಸ್ಟ್ರಾಟೋಸ್ಫಿಯರ್ ಕೆಳಗಿನ ಪದರದ ಜೊತೆಗೇ ಕಾಯತೊಡಗಿದರೂ ಸೋತೆ.

ಒಮ್ಮೆ ಇದು ಬಾಯಿಮಾತಿನಿಂದ ಪಂದ್ಯಕ್ಕೂ ಹೋಗಿತ್ತು. ಎಲ್ಲವೂ ಸೂರ್ಯನ ಆಟ, ಇನ್ನು ಭೂಮಿ ತಣ್ಣಗಾಗುತ್ತದೆ ಅಂತ ರಷ್ಯಾದ ಇಬ್ಬರು ಸೌರ ಭೌತವಿಜ್ಞಾನಿಗಳು ಹೇಳುತ್ತಿದ್ದರು. 2005ರಲ್ಲಿ ಬ್ರಿಟನ್ನಿನ ಹವಾಮಾನ ವಿಜ್ಞಾನಿ ಜೇಮ್ಸ್ ಆನನ್ ಅವರ ಜೊತೆ 10,000 ಡಾಲರ್ ಪಂದ್ಯ ಕಟ್ಟಿದರು. 1998ರಿಂದ 2003ರ ಸರಾಸರಿಗಿಂತ 2012ರಿಂದ 2017ರ ಸರಾಸರಿ ಬಿಸಿಯೋ ತಂಪೋ ಅನ್ನೋದಷ್ಟೇ ಷರತ್ತು. ಹನ್ನೆರಡು ವರ್ಷ ಕಾದರು. ಬಿಸಿ ಅಂದವರು ಗೆದ್ದರು, ಗೆಲುವಿನ ಅಂತರವೂ ಅನುಮಾನಕ್ಕೆ ಜಾಗ ಬಿಡುವಂಥದ್ದಾಗಿರಲಿಲ್ಲ.